ಕಾಫಿಮಲೆಯ ಹೊಳೆಗಳು ಮತ್ತು ಮೀನಿನ ಸಂತತಿ: ಕೀಟನಾಶಕಗಳ ಚರಿತ್ರೆಯ ಒಂದು ಅಧ್ಯಾಯ

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳನ್ನೊಳಗೊಂಡ ಮಲೆಸೀಮೆಯಲ್ಲಿ ಕಾಫಿಯ ಬೇಸಾಯ ಬೆಳೆದುಬಂದ ಬಗೆಯನ್ನು ಕುರಿತು ಬರೆದವರು ಅನೇಕರಿದ್ದಾರೆ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಅರಬ್ಬೀ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯದಿಂದ ಮೊದಲುಗೊಂಡು, ಕಳೆದ ಶತಮಾನಕ್ಕೂ ಹಿಂದಿನ ಐರೋಪ್ಯ ತೋಟಗಾರರ ಸಾಹಸ, 1942ರ ಕಾಫಿ ಕಾಯಿದೆ, ಕಾಫಿ ಬೋರ್ಡಿನ ಸ್ಥಾಪನೆ ಇವೆಲ್ಲವೂ ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತವಾದ ವಿಷಯಗಳೇ. ಆದರೆ ಈ ಬರೆವಣಿಗೆಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದಾಗ ನಮಗೆ ಒಂದು ಕೊರತೆ ಕಾಣುತ್ತದೆ. ಇವೆಲ್ಲವೂ ನೆಲದ ಚರಿತ್ರೆಗಳು. ಭೂಮಿ ಯಾರದು, ಬೆಳೆ ಎಷ್ಟು, ಬೆಲೆ ಏನು, ಆಳುಗಳು ಎಲ್ಲಿಂದ ಬಂದರು ಎಂಬಲ್ಲಿಗೆ ಅವು ನಿಲ್ಲುತ್ತವೆ. ತೋಟದ ಕೆಳಗೆ ಹರಿಯುವ ಹಳ್ಳವಾಗಲಿ, ಆ ಹಳ್ಳ ಸೇರುವ ಹೊಳೆಯಾಗಲಿ ಚರಿತ್ರೆಕಾರನ ದೃಷ್ಟಿಗೆ ಬಿದ್ದುದು ಅಪರೂಪ.

ಇಲ್ಲಿ ಆ ಕೊರತೆಯ ಒಂದು ಅಂಶವನ್ನು ಮಾತ್ರ ತೆಗೆದುಕೊಂಡು ವಿಚಾರಿಸುವುದು ನಮ್ಮ ಉದ್ದೇಶ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾಫಿಯ ತೋಟಗಳಲ್ಲಿಯೂ ಅವುಗಳ ನಡುವಣ ಗದ್ದೆಗಳಲ್ಲಿಯೂ ಬಳಕೆಗೆ ಬಂದ ಕೆಲವು ರಾಸಾಯನಿಕ ಪದಾರ್ಥಗಳು ಮೀನನ್ನು ಒಡನೆಯೇ ಕೊಲ್ಲದೆ, ಅದರ ಮರಿಯ ಬೆಳವಣಿಗೆಯನ್ನೂ ಸಂತಾನಶಕ್ತಿಯನ್ನೂ ಮಾರ್ಪಡಿಸಬಲ್ಲವು ಎಂಬುದು ಈಗ ಸಿದ್ಧವಾದ ಮಾತು. ಪ್ರಾಣಿಯ ದೇಹದಲ್ಲಿ ನಿರ್ನಾಳ ಗ್ರಂಥಿಗಳು ಸ್ರವಿಸುವ ಹಾರ್ಮೋನುಗಳು ಯಾವ ಅಂಗ ಯಾವಾಗ ರೂಪುಗೊಳ್ಳಬೇಕು, ಮರಿ ಗಂಡಾಗಬೇಕೋ ಹೆಣ್ಣಾಗಬೇಕೋ, ಮೊಟ್ಟೆ ಯಾವ ಋತುವಿನಲ್ಲಿ ಬಲಿಯಬೇಕು ಎಂಬುದನ್ನು ನಿಯಮಿಸುತ್ತವೆ. ಹೊರಗಿನಿಂದ ಬಂದ ಕೆಲವು ಪದಾರ್ಥಗಳು ಈ ಹಾರ್ಮೋನುಗಳಂತೆಯೇ ವರ್ತಿಸಿ, ಅಥವಾ ಅವುಗಳ ಕೆಲಸಕ್ಕೆ ಅಡ್ಡಬಂದು, ದೇಹವನ್ನು ದಾರಿತಪ್ಪಿಸುತ್ತವೆ. ಇವನ್ನು ಹಾರ್ಮೋನು ಕೆಡಿಸುವ ವಸ್ತುಗಳೆಂದು ಕರೆಯೋಣ. ಇವುಗಳ ಪರಿಣಾಮ ಸತ್ತು ತೇಲಿದ ಮೀನಿನಂತೆ ಕಣ್ಣಿಗೆ ಕಾಣುವುದಿಲ್ಲ. ಮುಂದಿನ ವರ್ಷ ಹುಟ್ಟಬೇಕಾದ ಮೀನು ಹುಟ್ಟದೆ ಹೋಗುವುದರಲ್ಲಿ ಅದು ತೋರುತ್ತದೆ. ಹುಟ್ಟದೆ ಹೋದುದಕ್ಕೆ ದಾಖಲೆ ಇರುವುದಿಲ್ಲವಾದ್ದರಿಂದ ಚರಿತ್ರೆಕಾರನಿಗೆ ಇದು ತೊಡಕಿನ ವಿಷಯ.

ಮೊದಲು ಈ ಸೀಮೆಯ ಜಲಸ್ಥಿತಿಯನ್ನು ನೆನೆಯಬೇಕು. ತುಂಗಾ, ಭದ್ರಾ, ನೇತ್ರಾವತಿಗಳು ಗಂಗಾಮೂಲದ ಕಡೆಯ ಮಲೆಗಳಲ್ಲಿ ಹುಟ್ಟುತ್ತವೆ; ಹೇಮಾವತಿ ಮೂಡಿಗೆರೆಯ ಜಾವಳಿಯ ಬಳಿ ಹುಟ್ಟುತ್ತದೆ. ಭದ್ರೆ ಕುದುರೆಮುಖದಿಂದಿಳಿದು ಕಳಸವನ್ನು ಹಾಯ್ದು ಬಾಳೆಹೊನ್ನೂರು, ನರಸಿಂಹರಾಜಪುರಗಳ ಮಾರ್ಗವಾಗಿ ಲಕ್ಕವಳ್ಳಿಯ ಅಣೆಕಟ್ಟನ್ನು ಸೇರುತ್ತದೆ. ಅಂದರೆ ಕಾಫಿಯ ಸೀಮೆ ನದಿಗಳ ತವರು. ಕೆಳನಾಡಿನ ಪಟ್ಟಣಗಳ ಕೊಳೆ ಈ ನೀರಿಗೆ ಇನ್ನೂ ಸೇರಿರುವುದಿಲ್ಲ. ಇಲ್ಲಿಯ ಹೊಳೆಯಲ್ಲಿ ಏನಾದರೂ ಬೆರೆತಿದ್ದರೆ ಅದು ಬಹುಮಟ್ಟಿಗೆ ಇಲ್ಲಿಯ ತೋಟ, ಗದ್ದೆ, ಗಣಿಗಳಿಂದಲೇ ಬಂದಿರಬೇಕು. ಸಂಶೋಧಕನಿಗೆ ಇದೊಂದು ಅನುಕೂಲ.

ಕನ್ನಡನಾಡಿನ ಹೊಳೆಮೀನುಗಳನ್ನು ಕುರಿತ ಹಳೆಯ ಬರೆವಣಿಗೆ ಕಡಮೆಯೇನೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆ ಪ್ರತ್ಯೇಕವಾದ ಭಾಗವೇ ಇದೆ. ಮೀನುಗಳ ಬಗೆ, ಅವಕ್ಕೆ ಹಾಕಬೇಕಾದ ಆಹಾರ, ಗಾಳದ ಕ್ರಮ ಇವೆಲ್ಲವನ್ನೂ ಹನ್ನೆರಡನೆಯ ಶತಮಾನದ ಆ ದೊರೆ ವಿವರಿಸಿದ್ದಾನೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು ಈ ಭಾಗವನ್ನು 1951ರಲ್ಲಿ ವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಗಾಳಬೇಟೆಯನ್ನು ಕುರಿತು ಬರೆದ ಪುಸ್ತಕವೂ (1873), ಅದೇ ವರ್ಷ ಫ್ರಾನ್ಸಿಸ್ ಡೇ ಸರ್ಕಾರಕ್ಕೆ ಒಪ್ಪಿಸಿದ ಸಿಹಿನೀರಿನ ಮೀನುಗಾರಿಕೆಯ ವರದಿಯೂ ಪ್ರಸಿದ್ಧವಾದವು. ಹೊಳೆಗೆ ವಿಷ ಹಾಕಿ ಮೀನು ಹಿಡಿಯುವುದರಿಂದಲೂ ಮರಿಮೀನುಗಳನ್ನು ಸೋಸಿ ತೆಗೆಯುವುದರಿಂದಲೂ ಸಂತತಿ ನಾಶವಾಗುತ್ತದೆಂದು ಡೇ ಎಚ್ಚರಿಸಿದ್ದನು. ಕೊನೆಗೆ 1897ರ ಇಂಡಿಯನ್ ಫಿಷರೀಸ್ ಆಕ್ಟ್ ಬಂದಾಗ ನೀರಿನಲ್ಲಿ ಸಿಡಿಮದ್ದು ಸಿಡಿಸುವುದೂ ವಿಷ ಬೆರೆಸುವುದೂ ದಂಡನಾರ್ಹ ಅಪರಾಧಗಳಾದುವು.

ಈ ಕಾನೂನಿನ ಕಣ್ಣಿಗೆ ಬಿದ್ದ ವಿಷವಾವುದೆಂಬುದನ್ನು ಗಮನಿಸಬೇಕು. ಮಲೆನಾಡಿನವರು ಬೇಸಗೆಯಲ್ಲಿ ಗುಂಡಿಗಳಲ್ಲಿ ನಿಂತ ನೀರಿಗೆ ಕಾರೆಕಾಯಿಯಂಥವನ್ನು ಜಜ್ಜಿ ಹಾಕಿ, ಅಮಲೇರಿ ಮೇಲೆ ಬಂದ ಮೀನನ್ನು ಹಿಡಿಯುತ್ತಿದ್ದರು. ಆ ಗುಂಡಿಯ ಮೀನಿಗೆ ಅದು ಕೇಡೇ. ಆದರೆ ಗಿಡದ ವಿಷ ಕೆಲವೇ ದಿನಗಳಲ್ಲಿ ಕೊಳೆತು ಹೋಗುತ್ತಿತ್ತು. ಮಳೆ ಬಂದು ಹಳ್ಳ ಹರಿದರೆ ಹೊಸ ಮೀನು ಮತ್ತೆ ಮೇಲೇರುತ್ತಿತ್ತು. ಮುಂಗಾರಿನ ಮೊದಲ ನೆರೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆಯಿಡಲು ಏರಿಬರುವ ಮೀನುಗಳನ್ನು ಮಲೆನಾಡಿಗರು ‘ಹತ್ತುಮೀನು’ ಎನ್ನುತ್ತಾರೆ. ಗದ್ದೆಯ ಬದುವಿನ ಕಂಡಿಗೆ ಬಿದಿರಿನ ಕೂಣಿಯನ್ನು ಒಡ್ಡಿ ಅವನ್ನು ಹಿಡಿಯುವ ರೂಢಿ ಬಹಳ ಹಳೆಯದು. ಈ ಒಂದು ಮಾತಿನಲ್ಲಿ ನಮ್ಮ ಲೇಖನಕ್ಕೆ ಅತ್ಯಗತ್ಯವಾದ ಸಂಗತಿ ಅಡಗಿದೆ. ಇಲ್ಲಿಯ ಅನೇಕ ಜಾತಿಯ ಮೀನುಗಳು ಮೊಟ್ಟೆಯಿಡುವುದು ಜೂನ್ ಜುಲೈ ತಿಂಗಳುಗಳಲ್ಲಿ. ಇಡುವ ಸ್ಥಳ ದೊಡ್ಡ ಹೊಳೆಯಲ್ಲ, ತೋಟ ಗದ್ದೆಗಳ ನಡುವಣ ಸಣ್ಣ ಹರಿವು. ಇದನ್ನು ಮುಂದೆ ಮತ್ತೆ ಎತ್ತಿಕೊಳ್ಳುತ್ತೇವೆ.

ಇನ್ನು ತೋಟದ ಕಡೆಗೆ ತಿರುಗೋಣ. ಕಾಫಿಗೆ ಕಂಟಕವಾದವು ಮುಖ್ಯವಾಗಿ ಎರಡು: ಒಂದು ಎಲೆಯ ತುಕ್ಕುರೋಗ, ಇನ್ನೊಂದು ಕಾಂಡಕೊರಕ. ತುಕ್ಕುರೋಗ 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡು ಕೆಲವೇ ಕಾಲದಲ್ಲಿ ದಕ್ಷಿಣ ಭಾರತಕ್ಕೂ ಹಬ್ಬಿತು. ಕಾಂಡಕೊರಕ ಅದಕ್ಕೂ ಮೊದಲೇ, 1860ರ ದಶಕದಲ್ಲಿ, ಮೈಸೂರು ಕೊಡಗುಗಳ ತೋಟಗಳನ್ನು ಹಾಳುಮಾಡಿತ್ತು. ಈ ಹುಳುವಿನ ಹಾವಳಿಯನ್ನು ತನಿಖೆ ಮಾಡಿದ ಜಾರ್ಜ್ ಬಿಡೀ ಎಂಬ ವೈದ್ಯನ ವರದಿ 1869ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಕಾಡನ್ನು ಪೂರ್ತಿ ಕಡಿದು ಬಯಲು ಮಾಡಿದ ತೋಟಗಳಲ್ಲಿ ಹುಳು ಹೆಚ್ಚು, ಮರದ ನೆರಳಿರುವಲ್ಲಿ ಕಡಮೆ ಎಂಬುದು ಆಗಲೇ ತಿಳಿದಿತ್ತು. ಮಂಜರಾಬಾದಿನ ಕಡೆ 1850ರ ದಶಕದಿಂದ ತೋಟ ಮಾಡಿಕೊಂಡಿದ್ದ ರಾಬರ್ಟ್ ಎಲಿಯಟ್ ತನ್ನ 1894ರ ಪುಸ್ತಕದಲ್ಲಿ ನೆರಳಿನ ಮರಗಳಿಗೆ ಎಷ್ಟು ಪುಟಗಳನ್ನು ಮೀಸಲಿಟ್ಟಿದ್ದಾನೆಂಬುದನ್ನು ಓದಿದವರೆಲ್ಲರೂ ಬಲ್ಲರು. ನೆರಳು ಬೆಳೆಸುವುದು, ಹುಳು ಹಿಡಿದ ಗಿಡವನ್ನು ಕಿತ್ತು ಸುಡುವುದು, ಕಾಂಡದ ಸಡಿಲ ತೊಗಟೆಯನ್ನು ಉಜ್ಜಿ ತೆಗೆದು ಹುಳು ಮೊಟ್ಟೆಯಿಡಲು ಎಡೆಯಿಲ್ಲದಂತೆ ಮಾಡುವುದು. ಔಷಧವಿಲ್ಲದ ಕಾಲದ ಉಪಾಯಗಳು ಇವೇ. ಇವುಗಳಲ್ಲಿ ಆಳಿನ ಖರ್ಚಿತ್ತೇ ಹೊರತು ಹೊಳೆಗೆ ಬಾಧೆಯಿರಲಿಲ್ಲ.

ರಾಸಾಯನಿಕಗಳ ಮೊದಲ ಪ್ರವೇಶ ಮೈಲುತುತ್ತದ ರೂಪದಲ್ಲಾಯಿತು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1885ರ ಸುಮಾರಿಗೆ ಪ್ರಚಾರಕ್ಕೆ ಬಂದ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣಗಳ ಮಿಶ್ರಣ, ನಮ್ಮ ಸೀಮೆಯ ಅಡಕೆಯ ಕೊಳೆರೋಗಕ್ಕೆ ಮದ್ದಾದುದು ಮೈಸೂರು ಸರ್ಕಾರದ ಸೇವೆಗೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅವರಿಂದ. ಭದ್ರೆಯ ತೀರದ ಬಾಳೆಹೊನ್ನೂರಿನ ಬಳಿ 1925ರಲ್ಲಿ ಕಾಫಿ ಸಂಶೋಧನ ಕೇಂದ್ರವನ್ನು ನೆಲೆಗೊಳಿಸಿದವರೂ ಅವರೇ. ಕಾಫಿಯ ತುಕ್ಕುರೋಗಕ್ಕೂ ಈ ದ್ರಾವಣವೇ ಪರಿಹಾರವಾಗಿ, ಮುಂಗಾರಿನ ಮೊದಲೊಮ್ಮೆ ಮಳೆ ಕಳೆದ ಮೇಲೊಮ್ಮೆ ಸಿಂಪಡಿಸುವುದು ವಾಡಿಕೆಯಾಯಿತು. ತಾಮ್ರ ಮೀನಿಗೆ ವಿಷವೆಂಬುದು ನಿಜ. ಆದರೆ ಅದು ನಾವು ಇಲ್ಲಿ ವಿಚಾರಿಸುತ್ತಿರುವ ಜಾತಿಯ ವಿಷವಲ್ಲ. ಈ ಎರಡನ್ನೂ ಒಂದೇ ಎಂದು ಎಣಿಸುವ ಇತ್ತೀಚಿನ ಕೆಲವು ಬರೆಹಗಳು ವಿಷಯವನ್ನು ಗೊಂದಲಗೊಳಿಸುತ್ತವೆ.

ನಿಜವಾದ ತಿರುವು ಎರಡನೆಯ ಮಹಾಯುದ್ಧದ ಅನಂತರದ್ದು. ಫ್ಯಾರಡೆ 1825ರಲ್ಲಿಯೇ ತಯಾರಿಸಿದ್ದ ಬೆಂಜೀನ್ ಹೆಕ್ಸಾಕ್ಲೋರೈಡಿಗೆ ಕೀಟಗಳನ್ನು ಕೊಲ್ಲುವ ಶಕ್ತಿಯಿದೆಯೆಂಬುದು ಯುದ್ಧಕಾಲದಲ್ಲಿ ಇಂಗ್ಲೆಂಡಿನಲ್ಲಿ ಗೊತ್ತಾಯಿತು. ಭಾರತದಲ್ಲಿ ಇದರ ತಯಾರಿಕೆ 1952ರಲ್ಲಿ ಕಲ್ಕತ್ತೆಯ ಬಳಿಯ ರಿಶ್ರಾದಲ್ಲಿ ಆರಂಭವಾಯಿತು. ಮಲೆನಾಡಿನ ಮನೆಮನೆಯಲ್ಲಿ ಬಿ.ಎಚ್.ಸಿ. ಎಂದೂ ಗ್ಯಾಮಾಕ್ಸಿನ್ ಎಂದೂ ಕರೆಯಿಸಿಕೊಂಡ ಪುಡಿ ಇದೇ. ಅದೇ ದಶಕದಲ್ಲಿ, 1953ರ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮದ ಮೂಲಕ, ಡಿ.ಡಿ.ಟಿ.ಯೂ ಮಲೆನಾಡಿನ ಗೋಡೆಗಳಿಗೆ ಬಂದಿತು. ಇವನ್ನು ಈಗ ಹಳಿಯುವವರು ಒಂದನ್ನು ಮರೆಯಬಾರದು: ಮಲೆನಾಡಿನ ಜ್ವರದಿಂದ ಊರುಗಳೇ ಬರಿದಾಗುತ್ತಿದ್ದ ಕಾಲ ಅದು. ಡಿ.ಡಿ.ಟಿ. ಬಂದ ಮೇಲೆ ಮಕ್ಕಳು ಬದುಕಿದರು. ಈ ಪದಾರ್ಥಗಳನ್ನು ಜನ ಕೃತಜ್ಞತೆಯಿಂದ ಬರಮಾಡಿಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ.

ಕಾಂಡಕೊರಕದ ದುಂಬಿಗಳು ಹೊರಬಂದು ಹಾರಾಡಿ ಮೊಟ್ಟೆಯಿಡುವುದು ವರ್ಷಕ್ಕೆರಡು ಬಾರಿ: ಏಪ್ರಿಲ್ ಮೇ ತಿಂಗಳುಗಳಲ್ಲಿ ಒಮ್ಮೆ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಮತ್ತೊಮ್ಮೆ. ಆದುದರಿಂದ ಬಿ.ಎಚ್.ಸಿ. ಪುಡಿಯನ್ನು ನೀರಿನಲ್ಲಿ ಕಲಸಿ ಅರೇಬಿಕ ಗಿಡದ ಕಾಂಡಕ್ಕೂ ದಪ್ಪ ರೆಂಬೆಗಳಿಗೂ ಬಳಿಯುವ ಕೆಲಸವನ್ನು ಈ ಎರಡು ಕಾಲಗಳಲ್ಲಿಯೇ ಮಾಡಬೇಕಾಗುತ್ತಿತ್ತು. ಮೊದಲನೆಯ ಬಳಿತ ಮುಗಿದು ಕೆಲವೇ ವಾರಗಳಲ್ಲಿ ಮುಂಗಾರು ಹಿಡಿಯುತ್ತದೆ. ಕಾಫಿಯ ಸೀಮೆಯೆಂದರೆ ಇಳಿಜಾರಿನ ಸೀಮೆ. ಕಾಂಡದ ಮೇಲಿನದು ಬುಡದ ಮಣ್ಣಿಗೆ, ಮಣ್ಣು ಮಳೆನೀರಿನೊಡನೆ ಹಳ್ಳಕ್ಕೆ. ಅದೇ ವಾರಗಳಲ್ಲಿ ಹತ್ತುಮೀನು ಅದೇ ಹಳ್ಳವನ್ನು ಏರಿ ಬರುತ್ತಿರುತ್ತದೆ. ದುಂಬಿಯ ಪಂಚಾಂಗ, ಮಳೆಯ ಪಂಚಾಂಗ, ಮೀನಿನ ಪಂಚಾಂಗ ಮೂರೂ ಹೀಗೆ ಒಂದರ ಮೇಲೊಂದು ಬಿದ್ದುದನ್ನು ಕಾಫಿಯ ಚರಿತ್ರೆಗಳಲ್ಲಿ ಯಾರೂ ಎತ್ತಿ ಹೇಳಿದಂತಿಲ್ಲ. ನಮ್ಮ ಅಭಿಪ್ರಾಯದಲ್ಲಿ ಈ ಪ್ರಶ್ನೆಯ ಕೀಲು ಇಲ್ಲಿಯೇ ಇದೆ.

ಏಕೆಂದರೆ ಮಾರಾಟಕ್ಕೆ ಬರುತ್ತಿದ್ದ ಬಿ.ಎಚ್.ಸಿ. ಒಂದೇ ಪದಾರ್ಥವಲ್ಲ. ಅದೇ ಪರಮಾಣುಗಳು ಬೇರೆಬೇರೆ ಬಗೆಯಲ್ಲಿ ಜೋಡಣೆಗೊಂಡ ಹಲವು ರೂಪಗಳ ಬೆರಕೆ. ಅದರಲ್ಲಿ ಕೀಟವನ್ನು ಕೊಲ್ಲುವುದು ಗಾಮಾ ಎಂಬ ರೂಪ. ಅದು ನೂರಕ್ಕೆ ಹತ್ತರಿಂದ ಹದಿನೈದು ಭಾಗ ಮಾತ್ರ. ಬೆರಕೆಯ ಬಹುಭಾಗ ಆಲ್ಫಾ ರೂಪ. ಬೀಟಾ ಎಂಬ ರೂಪ ನೂರಕ್ಕೆ ಐದರಿಂದ ಹನ್ನೆರಡರಷ್ಟಿರುತ್ತದೆ. ಕೀಟದ ಮಟ್ಟಿಗೆ ನಿರುಪಯೋಗಿಯಾದ ಈ ಬೀಟಾ ರೂಪವೇ ಎಲ್ಲಕ್ಕಿಂತ ಹೆಚ್ಚು ಕಾಲ ಕೆಡದೆ ಉಳಿಯುವುದು, ಪ್ರಾಣಿಗಳ ಕೊಬ್ಬಿನಲ್ಲಿ ಸೇರಿಕೊಳ್ಳುವುದು. ನೆದರ್ಲೆಂಡ್ಸಿನ ವೆಸ್ಟರ್ ಮತ್ತು ಕ್ಯಾಂಟನ್ ಎಂಬ ವಿಜ್ಞಾನಿಗಳು ಮೆಡಾಕ ಎಂಬ ಜಪಾನಿನ ಸಣ್ಣ ಮೀನನ್ನು ಈ ಬೀಟಾ ರೂಪ ಬೆರೆತ ನೀರಿನಲ್ಲಿ ಬೆಳೆಸಿ ಪರೀಕ್ಷಿಸಿ 1986ರಲ್ಲಿ ಪ್ರಕಟಿಸಿದ ಫಲಿತಾಂಶ ಬೆರಗುಗೊಳಿಸುವಂಥದು. ಗಂಡುಮೀನಿನ ದೇಹದಲ್ಲಿ ಮೊಟ್ಟೆಯ ಹಳದಿಗೆ ಬೇಕಾದ ಪ್ರೋಟೀನು ಉತ್ಪತ್ತಿಯಾಗತೊಡಗಿತ್ತು. ಕೆಲವು ಮೀನುಗಳಲ್ಲಿ ವೃಷಣದ ಒಳಗೇ ಅಂಡಕಣಗಳು ಕಾಣಿಸಿಕೊಂಡವು. ಅಂದರೆ ತೋಟಗಾರ ಕೊಂಡ ಪ್ರತಿಯೊಂದು ಚೀಲದಲ್ಲಿಯೂ ಅವನ ಕೆಲಸಕ್ಕೆ ಬಾರದ, ಆದರೆ ಮೀನಿನ ದೇಹದಲ್ಲಿ ಸ್ತ್ರೀಹಾರ್ಮೋನಿನಂತೆ ವರ್ತಿಸಬಲ್ಲ ಅಂಶವೊಂದು ಉಚಿತವಾಗಿ ಬರುತ್ತಿತ್ತು.

ಇಂಥ ವರ್ತನೆಯ ಸುಳಿವು ವಿಜ್ಞಾನಿಗಳಿಗೆ ಹೊಸದೇ ಎಂದರೆ ಹಾಗೂ ಅಲ್ಲ. ಲಂಡನ್ನಿನ ಚಾರ್ಲ್ಸ್ ಡಾಡ್ಸ್ 1938ರಲ್ಲಿ, ದೇಹದ ಹಾರ್ಮೋನಿನ ರಚನೆಯನ್ನೇ ಹೋಲದ ಕೃತಕ ವಸ್ತುವೂ ಸ್ತ್ರೀಹಾರ್ಮೋನಿನ ಕೆಲಸ ಮಾಡಬಲ್ಲದೆಂದು ತೋರಿಸಿದ್ದರು. ಅಮೆರಿಕದ ಬರ್ಲಿಂಗ್ಟನ್ ಮತ್ತು ಲಿಂಡೆಮನ್ ಎಂಬವರು 1950ರಲ್ಲಿ ಹುಂಜದ ಮರಿಗಳಿಗೆ ಡಿ.ಡಿ.ಟಿ. ಕೊಟ್ಟು ನೋಡಿದಾಗ ಅವುಗಳ ವೃಷಣ ಬೆಳೆಯಲಿಲ್ಲ, ಜುಟ್ಟು ಬಲಿಯಲಿಲ್ಲ. ಎಂದರೆ ರಿಶ್ರಾದ ಕಾರ್ಖಾನೆ ಕೆಲಸ ಆರಂಭಿಸುವುದಕ್ಕೆ ಎರಡು ವರ್ಷ ಮೊದಲೇ ಈ ಜಾತಿಯ ಕೀಟನಾಶಕಗಳಲ್ಲಿ ಒಂದರ ಬಗೆಗೆ ಮುದ್ರಿತವಾದ ಎಚ್ಚರಿಕೆ ಇತ್ತು. ಆದರೆ ಅದು ಪ್ರಯೋಗಾಲಯದ ಪತ್ರಿಕೆಯೊಳಗೇ ಉಳಿಯಿತು. ರೇಚಲ್ ಕಾರ್ಸನ್ ಅವರ 1962ರ ಪುಸ್ತಕ ಲೋಕದ ಗಮನ ಸೆಳೆದ ಮೇಲೆಯೂ ಹಲವು ವರ್ಷ ಚರ್ಚೆ ನಡೆದದ್ದು ಸಾವನ್ನು ಕುರಿತು, ಕ್ಯಾನ್ಸರನ್ನು ಕುರಿತು, ಹಾರ್ಮೋನನ್ನು ಕುರಿತಲ್ಲ. ಇಂಗ್ಲೆಂಡಿನ ಹೊಳೆಗಳಲ್ಲಿ ಚರಂಡಿನೀರು ಸೇರುವೆಡೆ ಬೋನಿನಲ್ಲಿಟ್ಟ ಗಂಡು ಟ್ರೌಟ್ ಮೀನುಗಳು ಹಳದಿಯ ಪ್ರೋಟೀನನ್ನು ತಯಾರಿಸುತ್ತಿದ್ದುದು 1994ರಲ್ಲಿ ಪ್ರಕಟವಾಯಿತು. ಕೆನಡಾದಲ್ಲಿ ಕ್ಯಾರೆನ್ ಕಿಡ್ ಮತ್ತು ಸಹೋದ್ಯೋಗಿಗಳು 2001ರಿಂದ 2003ರವರೆಗೆ ಒಂದು ಇಡೀ ಸರೋವರಕ್ಕೆ ಕೃತಕ ಸ್ತ್ರೀಹಾರ್ಮೋನನ್ನು ಲೀಟರಿಗೆ ಐದಾರು ನ್ಯಾನೋಗ್ರಾಮಿನಷ್ಟು ಮಾತ್ರ ಬೆರೆಯುವಂತೆ ಬಿಟ್ಟು ನೋಡಿದರು. ಗ್ರಾಮಿನ ನೂರು ಕೋಟಿಯ ಒಂದು ಭಾಗವೇ ನ್ಯಾನೋಗ್ರಾಮು. ಆ ಸರೋವರದ ಫ್ಯಾಟ್‌ಹೆಡ್ ಮಿನ್ನೋ ಎಂಬ ಸಣ್ಣ ಮೀನಿನ ಸಂತತಿ ಬಹುತೇಕ ನಿರ್ಮೂಲವಾಯಿತು. ಸತ್ತ ಮೀನಿನ ರಾಶಿಯೇನೂ ದಡಕ್ಕೆ ಬಂದು ಬೀಳಲಿಲ್ಲ. ಹೊಸ ಮರಿಗಳು ಹುಟ್ಟಲಿಲ್ಲ, ಅಷ್ಟೆ. ಬೆರೆಸುವುದನ್ನು ನಿಲ್ಲಿಸಿದ ಕೆಲವು ವರ್ಷಗಳ ಮೇಲೆ ಆ ಸಂತತಿ ಚೇತರಿಸಿಕೊಂಡಿತೆಂಬುದನ್ನೂ ಹೇಳಬೇಕು.

ನಮ್ಮ ದೇಶದಲ್ಲಿ ಈ ಕೆಲಸ ನಡೆದಿಲ್ಲವೆಂದು ಕೆಲವರು ಭಾವಿಸುವುದುಂಟು. ಅದು ಸರಿಯಲ್ಲ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಟಿ. ಪಿ. ಸಿಂಗ್ ಅವರೂ ಅವರ ಸಹೋದ್ಯೋಗಿಗಳೂ 1980ರ ದಶಕದಲ್ಲಿಯೇ ಚೇಳುಮೀನಿನ ಮೇಲೆ ಕೀಟನಾಶಕಗಳನ್ನು ಪ್ರಯೋಗಿಸಿ, ಮೊಟ್ಟೆ ಬಲಿಯಲು ಬೇಕಾದ ಹಾರ್ಮೋನುಗಳ ಪ್ರಮಾಣ ಅವುಗಳಿಂದ ಇಳಿಯುವುದೆಂದು ತೋರಿಸಿದ್ದರು. ಮೀನು ಹಿಂದೂಸ್ತಾನದ್ದೇ, ವಿಷವೂ ನಮ್ಮ ರೈತರು ಬಳಸುತ್ತಿದ್ದುದೇ. ಆದರೆ ಆ ಜ್ಞಾನ ವಾರಣಾಸಿಯಿಂದ ಬಾಳೆಹೊನ್ನೂರಿಗೆ ಬಂದು ಮುಟ್ಟಿದ ಕುರುಹು ತೋಟಗಾರಿಕೆಯ ಸಲಹೆಗಳಲ್ಲಿ ಕಾಣುವುದಿಲ್ಲ.

ಇಷ್ಟರಿಂದ ಕಾಫಿಮಲೆಯ ಹೊಳೆಗಳಲ್ಲಿ ಮೀನು ಕಡಮೆಯಾದದ್ದು ಬಿ.ಎಚ್.ಸಿ.ಯಿಂದಲೇ ಎಂದು ಸಾಧಿಸಿದಂತಾಯಿತೇ? ಇಲ್ಲ. ವಿರುದ್ಧಪಕ್ಷದ ವಾದವನ್ನೂ ಪೂರ್ತಿಯಾಗಿ ಹೇಳಬೇಕು. ಮಲೆನಾಡಿನ ಮಳೆ ಅಪಾರವಾದುದು. ಅಂಥ ನೆರೆಯಲ್ಲಿ ಯಾವ ವಿಷವಾದರೂ ತೆಳುವಾಗಿ ಹೋಗುತ್ತದೆ. ಪ್ರಯೋಗಾಲಯದ ತೊಟ್ಟಿಯಲ್ಲಿ ತಿಂಗಳುಗಟ್ಟಲೆ ಇದ್ದ ಮೀನಿಗೂ ಹರಿಯುವ ಹೊಳೆಯ ಮೀನಿಗೂ ವ್ಯತ್ಯಾಸವಿದೆ. ಈ ಆಕ್ಷೇಪಣೆಯಲ್ಲಿ ತೂಕವಿದೆಯೆಂದು ನಾವು ಒಪ್ಪುತ್ತೇವೆ. ಆದರೆ ಅದಕ್ಕೆ ಎರಡು ಉತ್ತರಗಳಿವೆ. ತೆಳುವಾಗುವುದು ದೊಡ್ಡ ಹೊಳೆಯಲ್ಲಿ, ಜುಲೈ ತಿಂಗಳ ನೆರೆಯಲ್ಲಿ. ಮೊದಲ ಮಳೆಯ ಕದಡಿದ ನೀರು ತೋಟದ ಸಣ್ಣ ಹಳ್ಳದಲ್ಲಿ ಅಷ್ಟು ತೆಳುವಾಗಿರುವುದಿಲ್ಲ, ಮೊಟ್ಟೆ ಒಡೆಯುವುದೂ ಅಲ್ಲಿಯೇ. ಎರಡನೆಯದಾಗಿ, ಈ ಜಾತಿಯ ಪದಾರ್ಥ ನೀರಿನಲ್ಲಿ ಕರಗುವುದು ಅತ್ಯಲ್ಪ. ಅದು ಮಣ್ಣಿನ ಕಣಕ್ಕೆ ಅಂಟಿಕೊಂಡು ತಳದಲ್ಲಿ ಕೂರುತ್ತದೆ, ಅಲ್ಲಿಂದ ಹುಳುವಿಗೆ, ಹುಳುವಿನಿಂದ ಮೀನಿಗೆ ಏರುತ್ತದೆ. ಮರಿಮೀನಿನಲ್ಲಿ ಲಿಂಗ ನಿಶ್ಚಯವಾಗುವ ಅವಧಿಯಾದರೋ ಬಹಳ ಕಿರಿದು. ಆ ಕೆಲವು ವಾರಗಳಲ್ಲಿ ಆದದ್ದು ಆಮೇಲೆ ಸರಿಹೋಗದೆ ಉಳಿಯಬಹುದು.

ಕಾರಣವನ್ನು ನಿರ್ಣಯಿಸುವಾಗ ಆತುರ ಸಲ್ಲದೆಂಬುದಕ್ಕೆ ಮಲೆನಾಡಿನಲ್ಲಿಯೇ ಒಂದು ನಿದರ್ಶನವಿದೆ. ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಊರಿನಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಬಡ ಕೃಷಿಕಾರ್ಮಿಕರ ಕೀಲುಗಳನ್ನೂ ಸೊಂಟವನ್ನೂ ವಿಕಾರಗೊಳಿಸುವ ಕಾಯಿಲೆ ಬೆಳಕಿಗೆ ಬಂದಿತು. ಚಿಕ್ಕಮಗಳೂರು ಜಿಲ್ಲೆಯ ಕೆಲವು ಊರುಗಳಲ್ಲಿಯೂ ಅದೇ ಕಾಯಿಲೆ ಕಂಡಿತು. ಈ ಜನ ಗದ್ದೆಯ ಏಡಿ ಮೀನುಗಳನ್ನು ತಿನ್ನುತ್ತಿದ್ದರು. ಹೊಸ ತಳಿಯ ಬತ್ತದೊಡನೆ ಗದ್ದೆಗಳಿಗೆ ಎಂಡ್ರಿನ್, ಫಾಲಿಡಾಲ್‌ಗಳು ಆಗತಾನೆ ಬಂದಿದ್ದುವು. ಎರಡನ್ನೂ ಕೂಡಿಸಿ ಕೀಟನಾಶಕವೇ ಕಾರಣವೆಂದು ಬಲವಾದ ಸಂದೇಹ ಹುಟ್ಟಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಬಂದು ನೋಡಿದರು. ಮುಂದೆ 1994ರಲ್ಲಿ ಪ್ರಕಟವಾದ ವಿವರವಾದ ಅಧ್ಯಯನ, ಇದು ತಲೆಮಾರಿನಿಂದ ತಲೆಮಾರಿಗೆ ವಂಶದಲ್ಲಿ ಇಳಿದುಬರುವ ಅಸ್ಥಿದೋಷವೆಂದು ಹೇಳಿತು. ಜನರ ಸಂದೇಹ ನಿರಾಧಾರವಾಗಿರಲಿಲ್ಲ. ಗದ್ದೆಯ ಮೀನನ್ನು ಆಶ್ರಯಿಸಿ ಬದುಕುವ ಜಾತಿಗಳಿಗೆ ಗದ್ದೆಗೆ ಸುರಿಯುವ ವಿಷದ ಭಯ ಸಹಜವೇ. ಆದರೂ ಒಂದೇ ಕಾಲದಲ್ಲಿ ಎರಡು ಸಂಗತಿಗಳು ನಡೆದುವೆಂಬ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗಲಾರದು.

ಇದಕ್ಕೆ ಪ್ರತಿಯಾಗಿ, ಸಂದೇಹ ನಿಜವಾದ ಉದಾಹರಣೆಯೂ ಕನ್ನಡದ ಗಡಿಯಲ್ಲಿಯೇ ಇದೆ. ಕಾಸರಗೋಡಿನ ಗೇರುತೋಟಗಳ ಮೇಲೆ ಕೇರಳದ ಪ್ಲಾಂಟೇಷನ್ ಕಾರ್ಪೊರೇಷನ್ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಪಡ್ರೆ ಗ್ರಾಮದ ವೈದ್ಯ ವೈ. ಎಸ್. ಮೋಹನ ಕುಮಾರರೂ ಪತ್ರಕರ್ತ ಶ್ರೀಪಡ್ರೆಯವರೂ ಅಲ್ಲಿಯ ಜನರ ಕಾಯಿಲೆಗಳತ್ತ ಲೋಕದ ಗಮನ ಸೆಳೆದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಯ 117 ಮಂದಿ ಶಾಲಾಬಾಲಕರನ್ನು, ಸಿಂಪಡಣೆಯಿಲ್ಲದ ಊರಿನ 90 ಮಂದಿಯೊಡನೆ ಹೋಲಿಸಿ ನೋಡಿ, ಪಡ್ರೆಯ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿತ್ತೆಂದು 2003ರಲ್ಲಿ ವರದಿ ಮಾಡಿದರು. ಹಾರ್ಮೋನು ಕೆಡುವುದೆಂದರೆ ಏನೆಂಬುದು ಇಲ್ಲಿ ಮೀನಿನಲ್ಲಲ್ಲ, ಮನುಷ್ಯರ ಮಕ್ಕಳಲ್ಲಿಯೇ ಕಂಡಿತು.

ಎಂಡೋಸಲ್ಫಾನಿನ ಕಥೆ ನಮ್ಮ ಸೀಮೆಗೆ ದೂರದ್ದಲ್ಲ. ಮೂಡಿಗೆರೆಯ ಘಟ್ಟದ ಬುಡದಲ್ಲಿರುವ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಗೇರುತೋಟಗಳಲ್ಲಿಯೂ ಅದನ್ನು ಆಕಾಶದಿಂದ ಸಿಂಪಡಿಸಿದ್ದರು. ಘಟ್ಟದ ಮೇಲಾದರೋ, ಕಾಯಿಕೊರಕವೆಂಬ ಹೊಸ ಕೀಟ 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಾಣಿಸಿಕೊಂಡು ಕಾಫಿಯ ಸೀಮೆಗಳಿಗೆಲ್ಲ ಹಬ್ಬಿದ ಮೇಲೆ, ಅದಕ್ಕೂ ಎಂಡೋಸಲ್ಫಾನೇ ಮದ್ದಾಯಿತು. ಕಾಫಿಯಲ್ಲಿ ಇದನ್ನು ಹೆಲಿಕಾಪ್ಟರಿನಿಂದ ಹಾಕಲಿಲ್ಲ, ಕೈಪಂಪಿನಿಂದ ಹಾಕಿದರು. ಎರಡಕ್ಕೂ ಅಂತರವಿದೆಯೆಂಬುದನ್ನು ಮರೆಯಬಾರದು. ಆದರೆ ಮೀನಿನ ಮಟ್ಟಿಗೆ ಈ ವಿಷ ಅತ್ಯುಗ್ರ. ಲೀಟರು ನೀರಿಗೆ ಒಂದು ಮೈಕ್ರೋಗ್ರಾಮಿನ ಆಸುಪಾಸಿನಲ್ಲಿದ್ದರೂ ಅನೇಕ ಮೀನುಗಳು ಸಾಯುತ್ತವೆ. ಕರ್ನಾಟಕ ಸರ್ಕಾರ 2011ರ ಫೆಬ್ರುವರಿಯಲ್ಲಿಯೂ ಸುಪ್ರೀಮ್ ಕೋರ್ಟು ಅದೇ ವರ್ಷ ಮೇ 13ರಂದೂ ಇದನ್ನು ನಿಷೇಧಿಸಿದುವು.

ಕೊಕ್ಕಡದ ನೆರೆಯಲ್ಲಿಯೇ ಶಿಶಿಲವಿದೆ. ಕಪಿಲಾ ಹೊಳೆಯ ದೇವಸ್ಥಾನದ ಗುಂಡಿಯಲ್ಲಿ ಪೆರುವೇಲು ಎಂಬ ದೊಡ್ಡ ಮೀನುಗಳನ್ನು ಶೃಂಗೇರಿಯ ತುಂಗೆಯಲ್ಲಿರುವಂತೆಯೇ ದೇವರ ಮೀನುಗಳೆಂದು ಕಾಪಾಡಿಕೊಂಡು ಬಂದಿದ್ದಾರೆ. 1996ರಲ್ಲಿ ಯಾರೋ ದುರುಳರು ಹೊಳೆಗೆ ವಿಷ ಹಾಕಿದ್ದರಿಂದ ಸಾವಿರಾರು ಮೀನುಗಳು ಒಮ್ಮೆಗೇ ಸತ್ತುವು. ಊರವರು ಅವುಗಳಿಗೆ ಸ್ಮಾರಕವನ್ನೇ ಕಟ್ಟಿಸಿದರು. ಆ ಸ್ಮಾರಕದ ವಿಷಯ ನಮ್ಮನ್ನು ಯೋಚನೆಗೆ ಹಚ್ಚಿತು. ಒಂದು ದಿನದಲ್ಲಿ ಸತ್ತ ಮೀನಿಗೆ ತಾರೀಖುಂಟು, ಲೆಕ್ಕವುಂಟು, ಕಲ್ಲುಂಟು. ಮೂವತ್ತು ನಲವತ್ತು ವರ್ಷಗಳ ಉದ್ದಕ್ಕೂ ಹುಟ್ಟದೆ ಹೋದ ಮೀನಿಗೆ ಇವೊಂದೂ ಇಲ್ಲ.

ಹೊಳೆಯ ಮೀನಿನ ಮೇಲೆ ನಡೆದ ಇಂಥ ಪರೀಕ್ಷೆ ನಮ್ಮ ಸೀಮೆಯಲ್ಲಿ ವಿರಳ. ನೀರನ್ನೇ ಆಶ್ರಯಿಸಿ ಬೆಳೆಯುವ ಇನ್ನೊಂದು ಜೀವದ ಮೇಲೆ ನಡೆದ ಕೆಲಸ ಇಲ್ಲಿ ಸಹಾಯಕ್ಕೆ ಬರುತ್ತದೆ. ಕುವೆಂಪು ವಿಶ್ವವಿದ್ಯಾಲಯದ ಗುರುಶಂಕರ, ಕೃಷ್ಣಮೂರ್ತಿ ಮತ್ತು ವಾಸುದೇವ ಎಂಬ ಸಂಶೋಧಕರು ಮಧ್ಯ ಪಶ್ಚಿಮಘಟ್ಟದ ಬೇಸಾಯದ ನೆಲಗಳಲ್ಲಿ ಕಪ್ಪೆಗಳನ್ನು ಪರಿಶೀಲಿಸಿ, ಅವುಗಳಲ್ಲಿ ಕಂಡ ಅಂಗವೈಕಲ್ಯಗಳನ್ನು 2007ರಲ್ಲಿ ವರ್ಣಿಸಿದರು. ಗೊದಮೊಟ್ಟೆಯೂ ಮರಿಮೀನೂ ಒಂದೇ ನೀರಿನಲ್ಲಿ, ಒಂದೇ ಋತುವಿನಲ್ಲಿ ಬೆಳೆಯುವಂಥವು. ಕಪ್ಪೆಯ ಕಾಲು ವಕ್ರವಾದರೆ ಕಣ್ಣಿಗೆ ಕಾಣುತ್ತದೆ; ಮೀನಿನ ವೃಷಣದೊಳಗಣ ವಿಕಾರ ಸೂಕ್ಷ್ಮದರ್ಶಕವಿಲ್ಲದೆ ಕಾಣದು.

ಮೀನು ಕಡಮೆಯಾದುದಕ್ಕೆ ಬೇರೆ ಕಾರಣಗಳೂ ಇವೆ. ಸಿಡಿಮದ್ದು, ಬೇರೆ ದೇಶದಿಂದ ತಂದು ಬಿಟ್ಟ ಮೀನುಗಳು, ಕಾಫಿಹಣ್ಣನ್ನು ಪಲ್ಪರಿನಲ್ಲಿ ತೊಳೆದ ಹುಳಿನೀರು ಹಳ್ಳಕ್ಕೆ ಬಿದ್ದು ನೀರಿನ ಪ್ರಾಣವಾಯುವನ್ನು ಹೀರುವುದು, ಮೀನು ಮೇಲೇರಿ ಬರುವ ದಾರಿಯನ್ನು ಕಟ್ಟಿದ ಅಣೆಕಟ್ಟುಗಳು, ಇವೆಲ್ಲವೂ ಲೆಕ್ಕಕ್ಕೆ ಬರಬೇಕಾದವು. ಕಳಸದ ಮೇಲೆ ಕುದುರೆಮುಖದ ಕಬ್ಬಿಣದ ಅದುರಿನ ಗಣಿ 1980ರಿಂದ ಸುಪ್ರೀಮ್ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ನಿಲ್ಲುವವರೆಗೆ ಭದ್ರೆಗೆ ಬಿಟ್ಟ ಹೂಳಿನ ಪ್ರಮಾಣ ಸಾಮಾನ್ಯವಾದುದಲ್ಲ. ಮೂಡಿಗೆರೆ, ಕಳಸಗಳ ಹಿರಿಯರನ್ನು ಕೇಳಿದರೆ ಮೀನು ಹೋದುದು ಗಣಿಯಿಂದಲೋ ಔಷಧಿಯಿಂದಲೋ ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಉತ್ತರ. ಹೇಮಾವತಿಯ ಕಡೆ ಗಣಿ ಇರಲಿಲ್ಲ. ಭದ್ರೆಯ ಕಡೆ ಗಣಿಯೂ ತೋಟವೂ ಇದ್ದುವು. ಈ ಎರಡು ಹೊಳೆಗಳನ್ನು ಹೋಲಿಸಿ ನೋಡಿದರೆ ಗಣಿಯ ಪಾಲು ಎಷ್ಟು, ತೋಟದ ಪಾಲು ಎಷ್ಟು ಎಂಬುದು ಸ್ವಲ್ಪಮಟ್ಟಿಗೆ ಬೇರ್ಪಡಬಹುದೆಂದು ನಮಗೆ ತೋರುತ್ತದೆ.

ಕಾನೂನಿನ ಇತಿಹಾಸವನ್ನು ಚುಟುಕಾಗಿ ಹೇಳಬಹುದು. ಕೇರಳದಲ್ಲಿ 1958ರಲ್ಲಿ ಪ್ಯಾರಾಥಿಯಾನ್ ಬೆರೆತ ಗೋಧಿಹಿಟ್ಟಿನಿಂದ ನೂರಕ್ಕೂ ಹೆಚ್ಚು ಮಂದಿ ಸತ್ತ ಮೇಲೆ ಎಚ್ಚೆತ್ತು 1968ರಲ್ಲಿ ಕೀಟನಾಶಕ ಕಾಯಿದೆ ಮಾಡಿದರು. ಬಿ.ಎಚ್.ಸಿ. 1997ರಲ್ಲಿ ನಿಷಿದ್ಧವಾಯಿತು. ಅದರ ಗಾಮಾ ರೂಪವನ್ನು ಮಾತ್ರ ಶುದ್ಧೀಕರಿಸಿದ ಲಿಂಡೇನ್ 2013ರವರೆಗೆ ಉಳಿಯಿತು. ಕಾಂಡಕ್ಕೆ ಬಳಿಯಲು ಅದರ ಸ್ಥಾನಕ್ಕೆ ಕ್ಲೋರೋಪೈರಿಫಾಸ್ ಬಂದಿತು. ಕೇಂದ್ರ ಸರ್ಕಾರ 2020ರ ಮೇ ತಿಂಗಳಲ್ಲಿ ನಿಷೇಧಕ್ಕೆಂದು ಪ್ರಕಟಿಸಿದ 27 ಕೀಟನಾಶಕಗಳ ಕರಡಿನಲ್ಲಿ ಅದೂ ಇತ್ತು. ತುಕ್ಕುರೋಗಕ್ಕೆ ಬೋರ್ಡೋ ದ್ರಾವಣದ ಜೊತೆಗೆ ಟ್ರಯಜೋಲ್ ಜಾತಿಯ ಔಷಧಗಳು ಸೇರಿದುವು. ಬೂಷ್ಟಿನ ದೇಹದಲ್ಲಿ ಒಂದು ಬಗೆಯ ಕೊಬ್ಬಿನ ರಚನೆಯನ್ನು ತಡೆದು ಅವು ಅದನ್ನು ಕೊಲ್ಲುತ್ತವೆ. ಮೀನಿನಲ್ಲಿ ಲೈಂಗಿಕ ಹಾರ್ಮೋನುಗಳನ್ನು ತಯಾರಿಸುವ ಕಿಣ್ವಗಳು ಅದೇ ಮನೆತನಕ್ಕೆ ಸೇರಿದುವಾದ್ದರಿಂದ ಈ ಔಷಧಗಳು ಮೀನಿನ ಮೊಟ್ಟೆಯ ಸಂಖ್ಯೆಯನ್ನು ಇಳಿಸಬಲ್ಲವೆಂದು ಪ್ರಯೋಗಗಳಿಂದ ತಿಳಿದಿದೆ. ಕಾಂಡಕೊರಕದ ವಿಷಯದಲ್ಲಾದರೋ ವಿಚಿತ್ರವೊಂದು ನಡೆದಿದೆ. ನೆರಳು ಕಾಪಾಡಿ, ತೊಗಟೆ ಉಜ್ಜಿ, ಹುಳು ಹಿಡಿದ ಗಿಡ ಕಿತ್ತು ಸುಡಿ ಎಂಬ ಹತ್ತೊಂಬತ್ತನೆಯ ಶತಮಾನದ ಸಲಹೆಯೇ ಇಂದಿನ ತಜ್ಞರ ಕೈಪಿಡಿಗಳಲ್ಲಿಯೂ ಮೊದಲ ಸಾಲಿನಲ್ಲಿ ನಿಂತಿದೆ.

ಇನ್ನು ಆಧಾರಗಳ ಮಾತು. ನದಿಗೆ ದಾಖಲೆಯಿಲ್ಲವೆಂದು ಮೊದಲಲ್ಲಿ ಹೇಳಿದೆವಷ್ಟೆ, ತೋಟಕ್ಕೆ ಇದೆ. ಕಾಫಿ ತೋಟಗಾರರಷ್ಟು ಶ್ರದ್ಧೆಯಿಂದ ದಿನದಿನದ ಮಳೆಯನ್ನು ಬರೆದಿಟ್ಟವರು ಕನ್ನಡನಾಡಿನಲ್ಲಿ ಬೇರೆ ಇಲ್ಲ. ಅನೇಕ ಎಸ್ಟೇಟುಗಳಲ್ಲಿ ರೈಟರು ಬರೆದ ಔಷಧದ ಖರೀದಿಯ ಲೆಕ್ಕ, ಇಂತಿಷ್ಟು ಆಳು ಇಂಥ ದಿನ ಕಾಂಡಕ್ಕೆ ಬಳಿದರೆಂಬ ಲೆಕ್ಕ ಗೆದ್ದಲು ಹಿಡಿಯದೆ ಉಳಿದಿರುತ್ತವೆ. ಎರಡೂ ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಬಳಿದ ದಿನಕ್ಕೂ ಮೊದಲ ನೆರೆಗೂ ನಡುವೆ ಎಷ್ಟು ದಿನಗಳ ಅಂತರವಿತ್ತೆಂಬುದನ್ನು ವರ್ಷವರ್ಷಕ್ಕೂ ತಿಳಿಯಬಹುದು. ಇತಿಹಾಸದ ವಿದ್ಯಾರ್ಥಿ ಮಾಡಬಹುದಾದ ಕೆಲಸ ಇದು; ಇದಕ್ಕೆ ರಸಾಯನಶಾಸ್ತ್ರ ಬೇಕಾಗಿಲ್ಲ. ಈ ಪುಸ್ತಕಗಳು ತೋಟ ಕೈಬದಲಾಗುವಾಗ ರದ್ದಿಗೆ ಹೋಗುತ್ತಿರುವುದರಿಂದ ಬೇಗ ಮಾಡಬೇಕಾದ ಕೆಲಸವೂ ಹೌದು.

ಇನ್ನೊಂದು ದಾಖಲೆ ನೀರಿನ ಅಡಿಯಲ್ಲಿದೆ. ಲಕ್ಕವಳ್ಳಿಯ ಜಲಾಶಯ 1960ರ ದಶಕದಲ್ಲಿ ಪೂರ್ಣಗೊಂಡು, ಕಳಸ ಬಾಳೆಹೊನ್ನೂರುಗಳಿಂದ ಇಳಿದುಬಂದ ಮಣ್ಣನ್ನು ಅಂದಿನಿಂದ ಪದರಪದರವಾಗಿ ಹಿಡಿದಿಟ್ಟಿದೆ. ಹೇಮಾವತಿಯ ಗೊರೂರು ಜಲಾಶಯ 1979ರಷ್ಟು ಈಚಿನದಾದ್ದರಿಂದ ಅದರ ಹೂಳು ಬಿ.ಎಚ್.ಸಿ.ಯ ಮೊದಲ ವರ್ಷಗಳನ್ನು ಹೇಳಲಾರದು. ಲಕ್ಕವಳ್ಳಿಯ ಹೂಳಾದರೋ ಹೇಳಬಲ್ಲದು. ಆ ಹೂಳಿನಲ್ಲಿ ಗಣಿಯ ಕಬ್ಬಿಣದ ಕೆಂಪು ಯಾವ ಪದರದಲ್ಲಿ ತೋರುವುದೋ ಅದು 1980ರ ಅನಂತರದ್ದು. ಎಲ್ಲಿ ತೆಳುವಾಗುವುದೋ ಅದು 2005ರ ಈಚಿನದು. ಈ ಎರಡು ಗುರುತುಗಳ ಕೆಳಗೂ ನಡುವೆಯೂ ಮೇಲೂ ಬೀಟಾ ರೂಪ ಎಷ್ಟೆಷ್ಟಿದೆಯೆಂದು ಅಳೆದರೆ, ತೋಟದಿಂದ ಹೊಳೆಗೆ ಏನು ಬಂದಿತು, ಯಾವಾಗ ಬಂದಿತು, ಯಾವಾಗ ನಿಂತಿತು ಎಂಬುದಕ್ಕೆ ಕಾಲಾನುಕ್ರಮಣಿಕೆಯೇ ದೊರೆಯುತ್ತದೆ.